ಹದ್ದು ನೋಡುವವರು ಮರೆಯಲ್ಲಿ ಕೂರಲಿ

ಮೈಸೂರು ರಸ್ತೆಯ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ರಾಮನಗರದ ಬಂಡೆಗಳು ಹೊಸದೇನಲ್ಲ. 1975ರಲ್ಲಿ ತೆರೆಕಂಡ ‘ಶೋಲೆ’ಯ ಗಬ್ಬರ್ ಸಿಂಗ್ ಗರ್ಜಿಸಿದ್ದು ಇಲ್ಲೇ. ಆದರೆ ರಾಮದೇವರ ಬೆಟ್ಟದ ಕಡಿದಾದ ಬಂಡೆಯ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳೀ ಪಟ್ಟೆಗಳಿವೆಯಲ್ಲ, ಅದು ಉದ್ದ ಕೊಕ್ಕಿನ ರಣಹದ್ದುಗಳ ಹಿಕ್ಕೆ. ಗಬ್ಬರ್ ಹೋದ, ಹದ್ದು ಉಳಿದಿದೆ. ಅದೂ ಕೆಲವೇ ಕೆಲವು.

2012ರಲ್ಲಿ ಸರ್ಕಾರ ಇಲ್ಲಿನ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ಧಾಮವೆಂದು ಘೋಷಿಸಿತು. ಕ್ಯಾಮೆರಾ ಹೊತ್ತವರು ಬರುತ್ತಾರೆ. ಬರಲಿ, ಪೇಟೆಯ ಟೀ ಅಂಗಡಿಗೂ ನಾಲ್ಕು ಕಾಸು. ತಕರಾರು ಇರುವುದು ಗೂಡಿನ ಹತ್ತಿರಕ್ಕೇ ಹತ್ತಿ ಫೋಟೋ ಹೊಡೆಯುವ ಶೂರರ ಬಗ್ಗೆ. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ತಾಯಿ ಹೆದರಿ ಎದ್ದು ಹೋದರೆ ಆ ವರ್ಷದ ಸಂತಾನವೇ ಹೋಯಿತು! ದೂರದಲ್ಲಿ ಮರೆ ಕಟ್ಟಿ, ಬೆಳಕು ಹರಿಯುವ ಮುಂಚೆ ಒಳಗೆ ಸೇರಿ, ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಬಿಸಿಲೇರಿ ಗಾಳಿ ಬಿಸಿಯಾದ ಮೇಲೆ ಹದ್ದು ತಾನಾಗಿಯೇ ರೆಕ್ಕೆ ಬಿಚ್ಚುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಮೃಗಾಲಯಕ್ಕೆ ಹೋಗಬಹುದು.

ಮರೆಯ ಮುಂದೆ ಸತ್ತ ದನ ಹಾಕಿದರೆ ಹದ್ದು ಕೆಳಗಿಳಿಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ ಎನ್ನುವವರೂ ಇದ್ದಾರೆ. ಸ್ವಾಮಿ, ಆ ದನಕ್ಕೆ ಸಾಯುವ ಮುಂಚೆ ಯಾವ ಸೂಜಿ ಚುಚ್ಚಿದ್ದರು ಅಂತ ಬಲ್ಲವರಾರು? ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಮುಗಿಸಿದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ಆ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಲವೇ ದಿನದಲ್ಲಿ ಕೆಡುತ್ತದೆ. 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು. ಜನ ಬಿಟ್ಟಾರೆಯೇ? ಮನುಷ್ಯರ ಹೆಸರಿನ ದೊಡ್ಡ ಬಾಟಲಿಯನ್ನೇ ದನಕ್ಕೆ ಚುಚ್ಚಿದರು. 2015ರಲ್ಲಿ ಆ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಿದ್ದು ಇದಕ್ಕೇ. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ ದನಗಳಿಗೆ ಕೂಡದೆಂದಾಯಿತು.

ಕಾನೂನು ದಿಲ್ಲಿಯಲ್ಲಿದೆ, ಕೌಂಟರ್ ಇಲ್ಲಿದೆ. ‘ಹಸು ಕುಂಟುತ್ತೆ, ಏನಾದ್ರೂ ಕೊಡಿ’ ಅಂತ ರೈತ ಬಂದರೆ ಮೆಡಿಕಲ್ ಶಾಪಿನವರು ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸಬಾರದು. ಹದ್ದಿಗೆ ತೊಂದರೆಯಿಲ್ಲದ ಮೆಲಾಕ್ಸಿಕಾಮ್ ಇದೆ. ಪಶುವೈದ್ಯರ ಚೀಟಿ ತರಲು ಹೇಳಲಿ. ಅರಣ್ಯ ಇಲಾಖೆ, ಪಶು ಇಲಾಖೆ ಎರಡೂ ಸೇರಿ ಬೆಟ್ಟದ ಸುತ್ತಲಿನ ಹಳ್ಳಿಗಳ ಔಷಧಿ ಅಂಗಡಿಗಳನ್ನು ಒಮ್ಮೆ ತಪಾಸಣೆ ಮಾಡಲಿ, ಮುಂದಿನ ಮೊಟ್ಟೆ ಒಡೆಯುವುದರೊಳಗೆ.