ಮೆಷಿನ್ ಆಳು ಉಳಿಸ್ತು, ಕಾಳು ಕೊಟ್ಟಿದ್ದು ಮಣ್ಣು

ಮೊನ್ನೆ ಡೈರಿ ಹತ್ರ ಒಬ್ರು ಹೇಳಿದ್ರು, "ಇಂಗ್ಲೆಂಡ್, ಅಮೆರಿಕದೋರು ನೂರೈವತ್ತು ವರ್ಷದ ಹಿಂದೇನೇ ಮೆಷಿನ್ ತಂದ್ರು, ಅದಕ್ಕೇ ಅವರ ಇಳುವರಿ ಏರ್ತು." ಕೈಯಲ್ಲಿ ಹಾಲಿನ ಕ್ಯಾನ್ ಇತ್ತು, ವಾದ ಮಾಡ್ಲಿಲ್ಲ. ಇಲ್ಲಿ ಬರೀತಿದೀನಿ. ಆ ಮಾತು ಅರ್ಧ ಮಾತ್ರ ಸರಿ.

ಅಮೆರಿಕದ ವರ್ಜೀನಿಯಾದಲ್ಲಿ ಸೈರಸ್ ಮೆಕಾರ್ಮಿಕ್ ಅನ್ನೋರು 1831ರಲ್ಲಿ ಕುದುರೆ ಎಳೆಯೋ ಕೊಯ್ಲು ಯಂತ್ರ ಓಡಿಸಿ ತೋರಿಸಿದ್ರು. 1834ರಲ್ಲಿ ಪೇಟೆಂಟ್ ಆಯ್ತು. ಕಮ್ಮಿ ಆಳಲ್ಲಿ ಹೆಚ್ಚು ಎಕರೆ ಕೊಯ್ಯೋಕಾಯ್ತು, ಮಾಗಿದ ಗೋಧಿ ಉದುರೋ ಮುಂಚೆ ಮನೆಗೆ ಬಂತು. ಅಷ್ಟು ನಿಜ. ಆದ್ರೆ ತೆನೆಯಲ್ಲಿ ಇಲ್ಲದ ಕಾಳನ್ನ ಯಾವ ಮೆಷಿನ್ ತಂದು ಹಾಕುತ್ತೆ? ಇಂಗ್ಲೆಂಡಿನಲ್ಲಿ 1830ರಲ್ಲಿ ಕೂಲಿಯವರು ಒಕ್ಕಣೆ ಮೆಷಿನ್‌ಗಳನ್ನೇ ಒಡೆದು ಹಾಕಿದ್ರು. ಚಳಿಗಾಲಕ್ಕೆ ಅವರಿಗಿದ್ದ ಕೆಲಸ ತೆನೆ ಬಡಿಯೋದು, ಅದೂ ಹೋಗ್ತಿತ್ತು.

ಎಕರೆ ಇಳುವರಿ ಏರಿದ್ದು ಮಣ್ಣಿಂದ. ಇಂಗ್ಲೆಂಡಿನ ನಾರ್ಫೋಕ್ ಕಡೆ ನಾಲ್ಕು ವರ್ಷದ ಸುತ್ತು ಇತ್ತು: ಗೋಧಿ, ಟರ್ನಿಪ್ ಗೆಡ್ಡೆ, ಬಾರ್ಲಿ, ಕ್ಲೋವರ್ ಮೇವು. ಹೊಲ ಬೀಳು ಬಿಡ್ತಿರ್ಲಿಲ್ಲ. ಗೆಡ್ಡೆ ಕುರಿಗೆ, ಕುರಿ ಗೊಬ್ಬರ ಹೊಲಕ್ಕೆ. ಕ್ಲೋವರ್ ಅಂದ್ರೆ ನಮ್ಮ ಅವರೆ, ಹುರುಳಿ ಕುಟುಂಬದ್ದೇ. ಅದಾದ ಮೇಲೆ ಬಿತ್ತಿದ ಗೋಧಿ ಚೆನ್ನಾಗಿ ಬರುತ್ತೆ ಅಂತ ರೈತರು ಕಣ್ಣಲ್ಲೇ ಕಂಡಿದ್ರು. ಬೇರಿನ ಗಂಟಲ್ಲಿರೋ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿಯುತ್ತೆ ಅಂತ ಜರ್ಮನಿಯ ಹೆಲ್ರೀಗೆಲ್ ಹೇಳಿದ್ದು 1886ರಲ್ಲಿ. ವಿಜ್ಞಾನ ರೈತನ ಹಿಂದೆ ಬಂತು ಅನ್ನಿ.

ಇನ್ನೊಂದು, ಲಂಡನ್ ಹತ್ರದ ರೋಥಮ್‌ಸ್ಟೆಡ್. ಜಾನ್ ಬೆನೆಟ್ ಲಾಸ್ ಅನ್ನೋ ಜಮೀನ್ದಾರ 1842ರಲ್ಲಿ ಸೂಪರ್ ಫಾಸ್ಫೇಟಿಗೆ ಪೇಟೆಂಟ್ ತಗೊಂಡ. 1843ರಲ್ಲಿ ಒಂದೇ ಹೊಲಾನ ಪಟ್ಟಿ ಪಟ್ಟಿ ಮಾಡಿ ಗೋಧಿ ಬಿತ್ತಿದ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಬೇರೆಯವಕ್ಕೆ ರಾಸಾಯನಿಕ. ಆ ಪ್ರಯೋಗ ಇವತ್ತಿಗೂ ನಡೀತಿದೆ. ಏನೂ ಹಾಕದ ಪಟ್ಟಿ ಎಕರೆಗೆ ಸುಮಾರು 4 ಕ್ವಿಂಟಾಲ್. ಕೊಟ್ಟಿಗೆ ಗೊಬ್ಬರದ್ದೂ ಒಳ್ಳೆ ರಾಸಾಯನಿಕದ್ದೂ ಅದರ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ರಾಸಾಯನಿಕ ವಿಷ ಅಂತ ನಾನು ಬಾಯಿ ಬಡ್ಕೊಳ್ಳಲ್ಲ. ಆ ಕೊಟ್ಟಿಗೆ ಗೊಬ್ಬರ ಎಷ್ಟು ಗೊತ್ತಾ? ವರ್ಷಾ ವರ್ಷ ಎಕರೆಗೆ 14 ಟನ್! ನಮ್ಮಲ್ಲಿ ಯಾರ ತಿಪ್ಪೇಲಿದೆ ಅಷ್ಟು?

ಈಗ ನನ್ನ ತಪ್ಪು ಹೇಳ್ತೀನಿ. ಕೊಯ್ಲು ಮೆಷಿನ್‌ಗೆ ಅಡ್ಡ ಅಂತ ಮೂರು ವರ್ಷದಿಂದ ರಾಗಿಯಲ್ಲಿ ಅವರೆ ಅಕ್ಕಡಿ ಸಾಲು ಬಿಟ್ಟೆ. ಎತ್ತಿನ ಜೋಡೀನೂ ಮಾರಿದೆ. ಕೊಯ್ಲು ಎರಡು ಗಂಟೇಲಿ ಮುಗೀತು, ಖುಷಿಯಾಯ್ತು. ರಾಗಿ ಮಾತ್ರ ಒಂದು ಮೂಟೇನೂ ಜಾಸ್ತಿ ಆಗಿಲ್ಲ, ಯೂರಿಯಾ ಚೀಲ ಜಾಸ್ತಿ ಆಗಿದೆ. ಸಾರಿಗೆ ಅವರೆಕಾಳು ಅಂಗಡಿಯಿಂದ ತರ್ತಿದೀವಿ. ನಮ್ಮವಳು ದಿನಾ ನೆನಪು ಮಾಡ್ತಾಳೆ.

ಆಳು ಸಿಗದ ಕಾಲ, ಮೆಷಿನ್ ಬಿಡೋಕಾಗಲ್ಲ. ಈ ಮುಂಗಾರಿಗೆ ಅರ್ಧ ಎಕರೆಯಲ್ಲಿ ಮೆಷಿನ್ ಅಗಲಕ್ಕೆ ಜಾಗ ಬಿಟ್ಟು ಅವರೆ ಸಾಲು ಹಾಕ್ತಿದೀನಿ. ನಿಮ್ಮಲ್ಲಿ ಯಾರಾದ್ರೂ ಆಗ್ಲೇ ಹಂಗೆ ಮಾಡಿದ್ರೆ ಸಾಲಿಂದ ಸಾಲಿಗೆ ಎಷ್ಟು ಅಡಿ ಬಿಟ್ರಿ ಅಂತ ಹೇಳಿ. ಬಿತ್ತನೆ ಇನ್ನು ಹದಿನೈದು ದಿನ ಇದೆ.