ಮೂತ್ರಬಾಧೆಯ ಚಿಕಿತ್ಸೆಯೂ ಬಡವರ ಖರ್ಚೂ

ಶರೀರದ ಕೆಲವು ಬಾಧೆಗಳನ್ನು ಸಭ್ಯರು ನಾಲಿಗೆಯ ಮೇಲೆ ತರುವುದಿಲ್ಲ. ಮೂತ್ರವು ತಡೆಯಲಾರದ ಅವಸರದಿಂದ ಬರುವುದು, ರಾತ್ರಿಯಲ್ಲಿ ಮೇಲಿಂದ ಮೇಲೆ ಏಳಬೇಕಾಗುವುದು, ಒಮ್ಮೊಮ್ಮೆ ದಾರಿಯಲ್ಲಿಯೇ ಬಟ್ಟೆ ತೋಯುವುದು, ಇದು ಅಂಥದೊಂದು ಬಾಧೆ. ವೈದ್ಯರು ಇದನ್ನು ಅತಿಕ್ರಿಯಾಶೀಲ ಮೂತ್ರಕೋಶವೆನ್ನುತ್ತಾರೆ. ಮುಪ್ಪಿನಲ್ಲಿ ಇದು ಹೆಚ್ಚಾಗಿ ಕಾಣುವುದಾದರೂ ಮುಪ್ಪಿನ ಸಹಜಧರ್ಮವಲ್ಲ. ಚಿಕಿತ್ಸೆಗೆ ಬಗ್ಗುವ ರೋಗ. ಪ್ರಾಣವನ್ನು ತೆಗೆಯದೆಂಬ ಒಂದೇ ಕಾರಣದಿಂದ ಅಧಿಕಾರಿವರ್ಗದ ಲಕ್ಷ್ಯಕ್ಕೆ ಬಾರದಿರುವ ಈ ರೋಗದ ಖರ್ಚಿನ ವಿಷಯದಲ್ಲಿ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರುತ್ತದೆ.

ಮೊದಲನೆಯ ಉಪಾಯಕ್ಕೆ ಕಾಸಿನ ಖರ್ಚಿಲ್ಲ. ಚಹಾ ಕಾಫಿಗಳನ್ನು ತಗ್ಗಿಸುವುದು. ಮೂತ್ರಕ್ಕೆ ಹೋಗುವ ಅಂತರವನ್ನು ಗಡಿಯಾರ ನೋಡಿ ಸ್ವಲ್ಪ ಸ್ವಲ್ಪವಾಗಿ ಬೆಳೆಸುವುದು. ಮೂತ್ರವನ್ನು ಹಿಡಿದು ನಿಲ್ಲಿಸುವ ಸ್ನಾಯುಗಳನ್ನು ದಿನಾಲು ಬಿಗಿದು ಸಡಿಲಿಸುವುದು. ಈ ವ್ಯಾಯಾಮವನ್ನು ಅಮೇರಿಕೆಯ ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಪ್ರಸಿದ್ಧಿಗೆ ತಂದರು. ಕೆಲವು ವಾರ ಬಿಡದೆ ಸಾಧಿಸಿದವರಲ್ಲಿ ಅನೇಕರಿಗೆ ಗುಣವಾಗುತ್ತದೆ. ಆದರೆ ಕಲಿಸುವವರು ಬೇಕಷ್ಟೆ! ಕಲಿಸುವವರಿಲ್ಲದಲ್ಲಿ ನಮ್ಮ ಹೆಂಗಸರು ತಮ್ಮದೇ ಉಪಾಯವನ್ನು ಹೂಡುತ್ತಾರೆ. ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದರಿಂದ ಮೂತ್ರವು ತೀಕ್ಷ್ಣವಾಗಿ ಅವಸರ ಇನ್ನಷ್ಟು ಹೆಚ್ಚುತ್ತದೆ, ಮಲಬದ್ಧತೆಯೂ ಕೂಡಿಕೊಳ್ಳುತ್ತದೆ.

ಎರಡನೆಯದು ಗುಳಿಗೆ. ಆಕ್ಸಿಬ್ಯುಟಿನಿನ್ ಹಳೆಯದು, ಅಗ್ಗದ್ದು. ಆದರೆ ಬಾಯನ್ನು ಒಣಗಿಸುತ್ತದೆ, ಮುದುಕರ ಬುದ್ಧಿಯನ್ನು ಮಂಕಾಗಿಸುವ ಭಯವೂ ಉಂಟು. ಮಿರಾಬೆಗ್ರಾನ್ ಎಂಬ ಹೊಸದರಲ್ಲಿ ಆ ದೋಷಗಳು ಕಡಿಮೆ; ರಕ್ತದೊತ್ತಡವನ್ನು ನೋಡಿಕೊಳ್ಳಬೇಕು, ಬೆಲೆಯೂ ಹೆಚ್ಚು. ಯಾವುದನ್ನು ತೆಗೆದುಕೊಂಡರೂ ತಿಂಗಳುಗಟ್ಟಲೆ ನುಂಗತಕ್ಕದ್ದು. ಗುಳಿಗೆಗೆ ಬಗ್ಗದವರಿಗೆ ಮೂತ್ರಕೋಶದೊಳಗೆ ಬೊಟುಲಿನಮ್ ಎಂಬ ಔಷಧದ ಚುಚ್ಚುಮದ್ದುಂಟು; ಅದರ ಗುಣ ಕೆಲವು ತಿಂಗಳಿಗೆ ಇಳಿದುಹೋಗಿ ಮತ್ತೆ ಚುಚ್ಚಬೇಕಾಗುತ್ತದೆ. ಬೆನ್ನಿನ ಕೆಳಭಾಗದಲ್ಲಿ ಹೂಳುವ ವಿದ್ಯುದ್ಯಂತಕ್ಕೆ ಲಕ್ಷಗಟ್ಟಲೆ ಬೇಕು. ಅದರ ಮಾತು ಶ್ರೀಮಂತರಿಗಿರಲಿ.

ಕಾಲಿನ ನರಕ್ಕೆ ಸೂಜಿಯ ಮೂಲಕ ವಿದ್ಯುತ್ತನ್ನು ಹಾಯಿಸುವ ಇನ್ನೊಂದು ಚಿಕಿತ್ಸೆಯುಂಟು. ವಾರಕ್ಕೊಮ್ಮೆ ಅರ್ಧ ತಾಸಿನಂತೆ 12 ವಾರ. ಮಲಪ್ರಭೆಯ ದಂಡೆಯ ಕೊಣ್ಣೂರಿನ ಕೂಲಿಯ ಹೆಂಗಸೊಬ್ಬಳು ಇದಕ್ಕಾಗಿ ನರಗುಂದ, ನವಲಗುಂದಗಳನ್ನು ದಾಟಿ ಹುಬ್ಬಳ್ಳಿಗೆ ಹೋಗಬೇಕಾಯಿತೆನ್ನೋಣ. ಅರ್ಧ ತಾಸಿನ ಚಿಕಿತ್ಸೆಗೆ ಇಡೀ ದಿನದ ಕೂಲಿ ಹೋಯಿತು. ಉದ್ಯೋಗ ಖಾತ್ರಿಯ 2025-26ರ ದಿನಗೂಲಿ 370 ರೂಪಾಯಿಯಂತೆ ಹಿಡಿದರೂ 12 ದಿನಕ್ಕೆ 4,440 ರೂಪಾಯಿ. ಜೊತೆಗೆ ಮಗನು ಬಂದರೆ ಇಬ್ಬರದು 8,880. ಇದರಲ್ಲಿ ವೈದ್ಯರಿಗೆ ಒಂದು ಪೈಯೂ ಸೇರಿಲ್ಲ. 2023ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಪುಕ್ಕಟೆಯಾಗಿರುವುದು ನಿಜ. ಆದರೆ ಮೂತ್ರ ತಡೆಯಲಾರದವಳಿಗೆ ನಡುದಾರಿಯಲ್ಲಿ ಬಸ್ಸನ್ನು ನಿಲ್ಲಿಸಿ ಕೊಡುವವರು ಯಾರು?

ಸರಕಾರದ ಸಹಾಯವಿಲ್ಲವೇ ಎಂದು ವಾಚಕರು ಕೇಳಬಹುದು. 2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚವನ್ನು ಭರಿಸುತ್ತದೆ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಸಹಾಯವುಂಟು. ಮನೆಯಲ್ಲಿದ್ದು ಅಂಗಡಿಯಿಂದ ದಿನಕ್ಕೊಂದು ಗುಳಿಗೆ ಕೊಂಡು ನುಂಗುವವನಿಗಿಲ್ಲ. ಈ ರೋಗದ ಮುಖ್ಯ ಖರ್ಚಾದರೋ ಆ ಗುಳಿಗೆಯದೇ! ಇಂಥವರಿಗೆ ಜನೌಷಧಿ ಅಂಗಡಿಗಳು ಆಧಾರ. ಸರಕಾರಿ ಆಸ್ಪತ್ರೆಗಳ ಆವರಣದಲ್ಲಿದ್ದ ಆ ಅಂಗಡಿಗಳನ್ನು ಮುಚ್ಚಬೇಕೆಂದು 2025ರ ಮೇ ತಿಂಗಳಲ್ಲಿ ರಾಜ್ಯ ಸರಕಾರವು ಆಜ್ಞೆ ಹೊರಡಿಸಿತು. ವಿಷಯವು ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಆಸ್ಪತ್ರೆಯಲ್ಲಿ ಔಷಧವನ್ನು ಪುಕ್ಕಟೆಯಾಗಿ ಕೊಡುವಾಗ ಮಾರುವ ಅಂಗಡಿಯೇಕೆಂಬುದು ಸರಕಾರದ ವಾದ. ಒಪ್ಪಿದೆವು. ಹಾಗಾದರೆ ಮೂತ್ರಬಾಧೆಯ ಗುಳಿಗೆಯೂ ತಾಲೂಕಿನ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ತಪ್ಪದೆ ದೊರೆಯತಕ್ಕದ್ದು.

1980ರಲ್ಲಿ ಕಾಲುವೆಯ ನೀರಿನ ಕರಕ್ಕಾಗಿ ಸರಕಾರವನ್ನು ಎದುರಿಸಿ ನಿಂತ ಸೀಮೆಯಿದು. ಈ ಬಾಧೆಯ ವಿಷಯದಲ್ಲಿ ಮಾತ್ರ ತಲೆತಗ್ಗಿಸಿ ಸುಮ್ಮನಿದೆ. ಸಕ್ಕರೆರೋಗ, ಮೂತ್ರದ ಸೋಂಕು, ಹರಳು, ಗಂಡಸರಲ್ಲಿ ಪ್ರಾಸ್ಟೇಟಿನ ಊತ, ಇವುಗಳಿಂದಲೂ ಇದೇ ಲಕ್ಷಣಗಳು ಕಾಣುವುದರಿಂದ ಮೊದಲು ಮೂತ್ರವನ್ನೂ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಬೇಕು. ಇದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಆಗಬಹುದಾದ ಕೆಲಸ. ವ್ಯಾಯಾಮವನ್ನು ಕಲಿಸಲು ಆಶಾ ಕಾರ್ಯಕರ್ತೆಯರಿಗೆ ಒಂದೆರಡು ದಿನದ ಶಿಕ್ಷಣ ಸಾಕು. ಆ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಗೌರವಧನವನ್ನೂ ಕೊಡಬೇಕು. ಗದಗ ಜಿಲ್ಲೆಯ ಆರೋಗ್ಯಾಧಿಕಾರಿಗಳು ಇದನ್ನು ನರಗುಂದ ತಾಲೂಕಿನಿಂದಲೇ ಆರಂಭಿಸಲಿ.