ರೆಪ್ಪೆಗೆ ಅಂಟು ಹಾಕಿಸುವ ಮುನ್ನ ಬಾಯಿಬಿಟ್ಟು ಕೇಳೋಣ

ಮದುವೆ ಸೀಸನ್ ಬಂತೆಂದರೆ ಈಗ ನಮ್ಮೂರ ಹೆಣ್ಣುಮಕ್ಕಳ ಮೊಬೈಲಿನಲ್ಲಿ ಬ್ಲೌಸ್ ಡಿಸೈನ್ ಜೊತೆಗೆ ಇನ್ನೊಂದು ವಿಡಿಯೊ ಓಡಾಡುತ್ತದೆ: ಐಲ್ಯಾಶ್ ಎಕ್ಸ್‌ಟೆನ್ಷನ್. ಅಂದರೆ ನಮ್ಮ ರೆಪ್ಪೆಗೂದಲಿಗೆ ಒಂದೊಂದಾಗಿ ಕೃತಕ ಕೂದಲು ಅಂಟಿಸಿ ಉದ್ದ ಮಾಡುವುದು.

ನಮ್ಮ ಬಳಗದ ಒಬ್ಬಳ ಅಕ್ಕ ಮದುವೆಗೆ ಎರಡು ದಿನ ಇರುವಾಗ ಪೇಟೆಗೆ ಹೋಗಿ ಹಾಕಿಸಿಕೊಂಡು ಬಂದಳು. ಮರುದಿನ ಬೆಳಿಗ್ಗೆ ಎರಡೂ ರೆಪ್ಪೆ ಊದಿ, ಕಣ್ಣು ಬಿಡಲಾಗದೆ ಕೂತಿದ್ದಳು. 'ಯಾವ ಅಂಟು ಅಂತ ಕೇಳಲಿಲ್ವಾ?' ಎಂದರೆ, 'ಹಳ್ಳಿಯವಳು, ಏನೂ ಗೊತ್ತಿಲ್ಲ ಅಂದ್ಕೋತಾರೆ ಅಂತ ಸುಮ್ಮನಿದ್ದೆ' ಅಂದಳು.

ನಮ್ಮನ್ನು ಚುಚ್ಚಿದ್ದು ಈ ಮಾತು. ಅಲಂಕಾರ ತಪ್ಪೆಂದು ನಾವು ಹೇಳುತ್ತಿಲ್ಲ. ಬಿತ್ತನೆ ಬೀಜದ ಪ್ಯಾಕೆಟ್ ತಿರುಗಿಸಿ ತಾರೀಖು ಓದುವ ನಾವು, ಕಣ್ಣಿನ ಅಂಚಿಗೆ ಹಾಕುವ ಅಂಟಿನ ಬಾಟಲಿ ತೋರಿಸಿ ಎನ್ನಲು ಏಕೆ ನಾಚಬೇಕು?

ಈ ಅಂಟಿನಲ್ಲಿ ಸಾಮಾನ್ಯವಾಗಿ ಇರುವುದು ಸಯನೋಅಕ್ರಿಲೇಟ್. ಹರಿದ ಚಪ್ಪಲಿಗೆ ನಾವು ಹಚ್ಚುವ ದಿಢೀರ್ ಅಂಟು ಕೂಡ ಇದೇ ಜಾತಿಯದು. ಅದರ ಆವಿ ಕಣ್ಣು ಉರಿಸಬಹುದು. ಕೆಲವರಿಗೆ ಅಲರ್ಜಿಯಾಗಿ ರೆಪ್ಪೆ ಊದುತ್ತದೆ. ಹಿಂದೆ ಎರಡು ಸಲ ಹಾಕಿಸಿ ಏನೂ ಆಗದವರಿಗೂ ಮೂರನೇ ಸಲ ಆಗಬಹುದು.

ಹಾಗಾಗಿ ಮೊದಲ ಪ್ರಶ್ನೆ: 'ಪ್ಯಾಚ್ ಟೆಸ್ಟ್ ಮಾಡ್ತೀರಾ?' ಕಿವಿಯ ಹಿಂದೆ ಚೂರು ಅಂಟು ಹಚ್ಚಿ 24ರಿಂದ 48 ಗಂಟೆ ಕಾಯುವುದು. ತುರಿಕೆ, ಕೆಂಪು ಕಂಡರೆ ಆ ಅಂಟು ಬೇಡ. ಟೆಸ್ಟ್ ಚೆನ್ನಾಗಿ ಬಂದರೂ ಪೂರ್ತಿ ಗ್ಯಾರಂಟಿ ಅಲ್ಲ. ಆದ್ದರಿಂದ ಮದುವೆಯ ಹಿಂದಿನ ದಿನಕ್ಕೆ ಈ ಕೆಲಸ ಇಟ್ಟುಕೊಳ್ಳಬೇಡಿ.

ಎರಡನೇ ಪ್ರಶ್ನೆ: 'ಬಾಟಲಿ ತೋರಿಸ್ತೀರಾ?' ತಯಾರಕರ ಹೆಸರು, ಬ್ಯಾಚ್ ನಂಬರ್, ಬಳಸಬೇಕಾದ ಕೊನೆಯ ದಿನಾಂಕ ಇಲ್ಲದಿದ್ದರೆ ಎದ್ದು ಬನ್ನಿ.

ಮೂರನೇ ಪ್ರಶ್ನೆ: 'ಚಿಮಟ ತೊಳೆದಿದೀರಾ?' ಒಬ್ಬರ ಕಣ್ಣಿನ ಸೋಂಕು ಇನ್ನೊಬ್ಬರಿಗೆ ಹರಡಲು ಅಷ್ಟು ಸಾಕು. ಕಣ್ಣು ಕೆಂಪಾಗಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ ನೀವೂ ಹೋಗಬೇಡಿ. ಲೆನ್ಸ್ ಹಾಕುವವರು ಅದನ್ನು ಮೊದಲೇ ತೆಗೆದಿಡಿ.

ಇನ್ನು ನಮ್ಮ ಊರಿನ ಲೆಕ್ಕ. ಎಣ್ಣೆ ತಾಗಿದರೆ ಅಂಟು ಸಡಿಲವಾಗುತ್ತದೆ, ಮೊದಲ ದಿನ ನೀರೂ ತಾಗಿಸಬಾರದು ಎನ್ನುತ್ತಾರೆ. ಆದರೆ ನಮ್ಮಲ್ಲಿ ಮದುವೆ ಎಂದರೆ ಎಣ್ಣೆ ಶಾಸ್ತ್ರ, ಅರಿಶಿನದ ನೀರು, ಹೋಮದ ಹೊಗೆ, ಕಳಿಸಿಕೊಡುವಾಗಿನ ಅಳು! ಒಲೆಯ ಮುಂದೆ ಬಗ್ಗುವವರಿಗೆ ಇನ್ನೊಂದು ಎಚ್ಚರಿಕೆ: ಈ ಪ್ಲಾಸ್ಟಿಕ್ ಎಳೆ ಬಿಸಿಗೆ ಮುರುಟುತ್ತದೆ.

ರೆಪ್ಪೆ ಬರೀ ಅಂದಕ್ಕಲ್ಲ, ಧೂಳು ತಡೆಯುವ ಬೇಲಿ. ಅಮೆರಿಕದ ಜಾರ್ಜಿಯಾ ಟೆಕ್ ವಿಜ್ಞಾನಿಗಳು 22 ಸಸ್ತನಿಗಳ ರೆಪ್ಪೆ ಅಳೆದು 2015ರಲ್ಲಿ ಒಂದು ವಿಷಯ ಹೇಳಿದರು. ಕಣ್ಣಿನ ಅಗಲದ ಸುಮಾರು ಮೂರನೇ ಒಂದು ಭಾಗದಷ್ಟು ರೆಪ್ಪೆ ಉದ್ದವಿದ್ದರೆ ಗಾಳಿ, ಧೂಳಿನಿಂದ ರಕ್ಷಣೆ ಹೆಚ್ಚು. ಅದಕ್ಕಿಂತ ಬಹಳ ಉದ್ದವಾದರೆ ಗಾಳಿಯನ್ನು ಕಣ್ಣಿನೊಳಗೇ ತಿರುಗಿಸುತ್ತದೆ. ರಾಶಿ ಕಣದಲ್ಲಿ ನಿಲ್ಲುವ ನಮಗೆ ಇದು ಸಣ್ಣ ಮಾತಲ್ಲ.

ಖರ್ಚೂ ಒಂದು ಸಲಕ್ಕೆ ಮುಗಿಯುವುದಿಲ್ಲ. ನಮ್ಮ ಸ್ವಂತ ರೆಪ್ಪೆಗೂದಲು ಉದುರುವಾಗ ಅಂಟಿಸಿದ್ದೂ ಜೊತೆಗೇ ಉದುರುತ್ತದೆ. ಹಾಗೇ ಇರಬೇಕೆಂದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ತುಂಬಿಸಬೇಕು. ಭಾರದ ಕೂದಲು ಹಾಕಿಸಿದರೆ, ಕೈಯಲ್ಲಿ ಎಳೆದರೆ ಸ್ವಂತ ರೆಪ್ಪೆಯೂ ತೆಳುವಾಗುತ್ತದೆ.

ಹಾಕಿಸಿದ ಮೇಲೆ ಕಣ್ಣು ನೋವು, ಊತ, ಮಂಜು ಕಂಡರೆ ಕಿತ್ತುಹಾಕಬೇಡಿ, ಉಜ್ಜಬೇಡಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ಹಾಕಿಕೊಳ್ಳುವುದಂತೂ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಇನ್ನೊಂದು ತೊಂದರೆ ತಂದೀತು.

ಒಂದೇ ದಿನದ ಅಲಂಕಾರ ಸಾಕು ಎನ್ನುವವರಿಗೆ ಕಾಡಿಗೆ, ಮಸ್ಕರಾ ಇವೆ, ರಾತ್ರಿ ತೊಳೆದರಾಯಿತು. ಇಲ್ಲ, ಹಾಕಿಸಲೇಬೇಕು ಎಂದಿದ್ದರೆ ಖಂಡಿತ ಹಾಕಿಸಿ. ಆದರೆ ಈ ಮೂರು ಪ್ರಶ್ನೆ ಕೇಳಿ. ಮುಖ ಸಿಂಡರಿಸಿದರೆ ಆ ಪಾರ್ಲರ್ ನಿಮಗೆ ತಕ್ಕದ್ದಲ್ಲ. ದುಡ್ಡು ನಿಮ್ಮದು, ಕಣ್ಣೂ ನಿಮ್ಮದೇ.